ತೇರಿನ ಫೋಟೋದಲ್ಲಿ ತಂತಿ ಅಳಿಸಿದರೆ ಅದು ಸುಳ್ಳಾಗುತ್ತಾ?

ರಥಬೀದಿ:
ಎಲ್ಲರಿಗೂ ನಮಸ್ಕಾರ. ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರ ಮುಗಿದಿದೆ, ಸ್ಮರಣ ಸಂಚಿಕೆ ತರುತ್ತಿದ್ದೇವೆ. ಸಂಪಾದಕ ಸಮಿತಿಯಲ್ಲಿ ನಾನೂ ಇದ್ದೇನೆ. ಮುಖಪುಟಕ್ಕೆ ಈ ಸಲದ ತೇರಿನ ಫೋಟೋ ಆರಿಸಿದ್ದೇವೆ. ನಮ್ಮ ಬೀದಿಯ ಹುಡುಗನೊಬ್ಬ ಶಾಲೆಯ ಮಾಳಿಗೆಯಿಂದ ತೆಗೆದದ್ದು.

ಪ್ರೆಸ್‌ನಲ್ಲಿ ಪುಟ ಕಟ್ಟುವವರು ಅದನ್ನು ಕ್ಲೀನ್ ಮಾಡಿ ಕಳಿಸಿದ್ದಾರೆ. ಬೀದಿಗೆ ಅಡ್ಡ ಹಾದ ತಂತಿಗಳು ಹೋಗಿವೆ. ಎಡಗಡೆಯ ಕರೆಂಟ್ ಕಂಬ ಹೋಗಿದೆ. ಮನೆಯ ಮೇಲಿನ ಕಪ್ಪು ನೀರಿನ ಟ್ಯಾಂಕ್, ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಎರಡೂ ಇಲ್ಲ. ಬಿಳಿಚಿಕೊಂಡಿದ್ದ ಆಕಾಶ ನೀಲಿಯಾಗಿದೆ. ನೋಡಲು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಸಮಿತಿಯಲ್ಲಿ ಎಲ್ಲರಿಗೂ ಹಿಡಿಸಿದೆ.

ನನ್ನ ಮನಸ್ಸು ಮಾತ್ರ ಒಪ್ಪುತ್ತಿಲ್ಲ. ಕೆಳಗೆ "ಈ ವರ್ಷದ ರಥೋತ್ಸವದ ದೃಶ್ಯ" ಅಂತ ಹಾಕುತ್ತೇವೆ. ಆ ದೃಶ್ಯ ಆ ದಿನ ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ? ಹಿರಿಯರೊಬ್ಬರು "ಇದು ಕೋರ್ಟಿಗೆ ಕೊಡೋ ಸಾಕ್ಷಿ ಅಲ್ಲಪ್ಪ, ದೇವರ ಪಟ" ಅಂದರು. ಎಷ್ಟು ತಿದ್ದಬಹುದು, ಎಲ್ಲಿ ನಿಲ್ಲಿಸಬೇಕು? ಗೊತ್ತಿರುವವರು ಹೇಳಿ. ತಿದ್ದಿದ ಪ್ರತಿ ಕೆಳಗಿದೆ. ಮೂಲ ಫೋಟೋ ಹುಡುಗನ ಹತ್ತಿರ ಇದೆ, ಸಂಜೆ ಹಾಕುತ್ತೇನೆ.

ಕಡಲತಡಿ:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ತಂತಿ ಯಾರಿಗೆ ಬೇಕು? ಪಟ ಚೆಂದ ಬಂದಿದೆ, ಹಾಕಿ.

ಕಾಫಿತೋಟ:
ನಾನೂ ಹಾಗೇ ಹೇಳುತ್ತೇನೆ. ಮದುವೆ ಆಲ್ಬಮ್‌ನಲ್ಲಿ ಹಿಂದಿನ ಸ್ಟೂಲು, ಎಂಜಲೆಲೆ ಎಲ್ಲ ತೆಗೆಸುತ್ತೇವೆ. ಅದಕ್ಕೆ ಯಾರೂ ಸುಳ್ಳು ಅನ್ನುವುದಿಲ್ಲ.

ಕತ್ತಲೆಕೋಣೆ:
ಬಹಳ ಕಾಲ ಪತ್ರಿಕೆಗೆ ಫೋಟೋ ತೆಗೆದವನು ನಾನು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಿದ್ದದ ಫೋಟೋ ಅಂತ ಯಾವತ್ತೂ ಇರಲಿಲ್ಲ. ನೆಗೆಟಿವ್‌ನಿಂದ ಕಾಗದಕ್ಕೆ ಪ್ರಿಂಟ್ ಹಾಕುವ ಎನ್ಲಾರ್ಜರ್ ಕೆಳಗೆ ಕೈ ಅಡ್ಡ ಹಿಡಿದು ಮುಖ ತಿಳಿ ಮಾಡುತ್ತಿದ್ದೆವು. ಮೂಲೆಗೆ ಇನ್ನಷ್ಟು ಬೆಳಕು ಬಿಟ್ಟು ಕಪ್ಪು ಮಾಡುತ್ತಿದ್ದೆವು. ಸ್ಟುಡಿಯೋದವರು ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್‌ನಿಂದ ಸಣ್ಣ ಸಣ್ಣ ಗೀರು ಎಳೆದು ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಸುಕ್ಕು ಮುಚ್ಚುತ್ತಿದ್ದರು. ಪೆನ್ಸಿಲ್ ಬಿದ್ದ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ, ಅಷ್ಟೇ ಉಪಾಯ.

ಆಕಾಶ ಬದಲಿಸುವುದೂ ಹೊಸದಲ್ಲ. ಮೊದಲ ಕಾಲದ ಪ್ಲೇಟುಗಳು ನೀಲಿ ಬೆಳಕಿಗೆ ಜಾಸ್ತಿ ಸ್ಪಂದಿಸುತ್ತಿದ್ದವು. ನೆಲ ಸರಿ ಬಂದರೆ ಆಕಾಶ ಪೂರ್ತಿ ಬಿಳಿ. ಅದಕ್ಕೇ 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಮೋಡಕ್ಕೊಂದು ಬೇರೆ ಬೇರೆ ನೆಗೆಟಿವ್ ತೆಗೆದು ಒಂದೇ ಪ್ರಿಂಟಿನಲ್ಲಿ ಸೇರಿಸುತ್ತಿದ್ದ.

ಆದರೂ ಸುದ್ದಿ ಫೋಟೋದಲ್ಲಿ ನಾವು ಒಂದು ಗೆರೆ ದಾಟುತ್ತಿರಲಿಲ್ಲ. ಬೆಳಕು ಹೆಚ್ಚು ಕಮ್ಮಿ ಮಾಡಬಹುದು, ಬದಿ ಕತ್ತರಿಸಬಹುದು. ಚೌಕಟ್ಟಿನೊಳಗೆ ಇದ್ದದ್ದನ್ನು ತೆಗೆಯುವ ಹಾಗಿಲ್ಲ, ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಸ್ಟೆಪಾನ್ ರುದಿಕ್ ಎಂಬ ಫೋಟೋಗ್ರಾಫರ್‌ಗೆ ಬಂದ ಬಹುಮಾನ ವಾಪಸ್ ಹೋಯಿತು. ಕೀವ್ ನಗರದ ಬೀದಿ ಹೊಡೆದಾಟದ ಚಿತ್ರ ಅದು. ಕೈಗೆ ಬ್ಯಾಂಡೇಜ್ ಸುತ್ತುತ್ತಿದ್ದಾರೆ. ಹಿಂದೆ ಇನ್ನೊಬ್ಬನ ಕಾಲಿನ ಚೂರು ಕಾಣುತ್ತಿತ್ತು, ಅದನ್ನು ಅಳಿಸಿದ್ದ. ಅಷ್ಟಕ್ಕೇ ಅನರ್ಹ.

ಕಾಫಿತೋಟ:
ಸರ್, ಆ ಕಥೆಯ ಅರ್ಧ ಮಾತ್ರ ಹೇಳಿದಿರಿ. ಅದೇ ಫೋಟೋವನ್ನು ಅವನು ಎಷ್ಟು ಕತ್ತರಿಸಿದ್ದ ನೋಡಿ. ಮೂಲದಲ್ಲಿ ಸುತ್ತಮುತ್ತ ಜನ ಆರಾಮಾಗಿ ನಿಂತಿದ್ದಾರೆ. ಅದನ್ನೆಲ್ಲ ಬಿಟ್ಟು ಬರೀ ಕೈ ಉಳಿಸಿ, ಕಪ್ಪು ಬಿಳುಪು ಮಾಡಿ, ಮೂಲೆಗಳಿಗೆ ಕತ್ತಲು ತುಂಬಿದ್ದ. ಅದಕ್ಕೆ ಯಾರ ತಕರಾರೂ ಇಲ್ಲ! ಕಾಲಿನ ಚೂರು ತೆಗೆದದ್ದು ಮಾತ್ರ ಅಪರಾಧ. ಯಾವುದರಿಂದ ಅರ್ಥ ಬದಲಾಯಿತು, ನೀವೇ ಹೇಳಿ.

ಕತ್ತಲೆಕೋಣೆ:
ಫೋಟೋಕ್ಕೆ ಅಂಚು ಇದೆ, ಅಂಚಿನ ಆಚೆ ಇನ್ನೇನೋ ಇತ್ತು ಅಂತ ನೋಡುವವನಿಗೆ ಗೊತ್ತಿರುತ್ತದೆ. ನಡುವೆ ಒಂದು ವಸ್ತು ಮಾಯವಾದರೆ ಅದು ಇತ್ತು ಎಂಬ ಅನುಮಾನವೇ ಬರುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಕಾಫಿತೋಟ:
ಗೊತ್ತಿರುತ್ತದೆ ಅನ್ನುವುದನ್ನು ನಾನು ಒಪ್ಪಲ್ಲ. 2020ರ ಲಾಕ್‌ಡೌನ್ ನೆನಪಿದೆಯಾ? ಮಾರುಕಟ್ಟೆಯಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದಂತೆ ಫೋಟೋ ಬರುತ್ತಿದ್ದವು. ದೂರ ನಿಂತು ದೊಡ್ಡ ಲೆನ್ಸಿನಲ್ಲಿ ತೆಗೆದರೆ ಮುಂದಿರುವವನೂ ಹಿಂದಿರುವವನೂ ಅಂಟಿಕೊಂಡಂತೆ ಕಾಣುತ್ತಾರೆ. ಡೆನ್ಮಾರ್ಕಿನಲ್ಲಿ ಇಬ್ಬರು ಪತ್ರಿಕಾ ಫೋಟೋಗ್ರಾಫರ್‌ಗಳು ಅದೇ ಜನರನ್ನು ಉದ್ದ ಲೆನ್ಸಿನಲ್ಲೂ ಅಗಲ ಲೆನ್ಸಿನಲ್ಲೂ ತೆಗೆದು ಪಕ್ಕಪಕ್ಕ ತೋರಿಸಿದ್ದರು. ಒಂದರಲ್ಲಿ ಜಾತ್ರೆ, ಇನ್ನೊಂದರಲ್ಲಿ ಎಲ್ಲರೂ ಅಂತರ ಬಿಟ್ಟು ನಿಂತಿದ್ದಾರೆ. ಏನೂ ಅಳಿಸಿರಲಿಲ್ಲ. ಆದರೂ ಊರವರೆಲ್ಲ "ಈ ಜನಕ್ಕೆ ಬುದ್ಧಿ ಇಲ್ಲ" ಅಂತ ಬೈದರು.

ಮೂರನೇ ಬೆಂಚು:
ಪಿರಮಿಡ್ ಸರಿಸಿದ ಕಥೆ ಇನ್ನೂ ಯಾರೂ ಹೇಳಿಲ್ಲವಲ್ಲ. ನ್ಯಾಷನಲ್ ಜಿಯೋಗ್ರಾಫಿಕ್, ಫೆಬ್ರುವರಿ 1982. ಗೀಜಾದ ಪಿರಮಿಡ್‌ಗಳ ಅಡ್ಡ ಫೋಟೋ. ಮುಖಪುಟ ಉದ್ದುದ್ದ. ಹಾಗಾಗಿ ಕಂಪ್ಯೂಟರಿನಲ್ಲಿ ಪಿರಮಿಡ್‌ಗಳನ್ನು ಹತ್ತಿರ ತಂದು ಕೂರಿಸಿದರು. ಫೋಟೋಗ್ರಾಫರ್ ಸ್ವಲ್ಪ ಪಕ್ಕಕ್ಕೆ ನಿಂತಿದ್ದರೆ ಹಾಗೇ ಕಾಣುತ್ತಿತ್ತಲ್ಲ ಎಂಬ ಸಮರ್ಥನೆಯೂ ಬಂತು. ಗಲಾಟೆ ಆದಮೇಲೆ ಇನ್ನು ಹಾಗೆ ಮಾಡುವುದಿಲ್ಲ ಅಂತ ಅಲ್ಲಿನ ಫೋಟೋ ವಿಭಾಗದವರೇ ಹೇಳಬೇಕಾಯಿತು.

ಆ ಸಮರ್ಥನೆ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಪಕ್ಕಕ್ಕೆ ನಿಂತಿದ್ದರೆ ಕಾಣುತ್ತಿತ್ತು ಅಂದರೆ ನಿಲ್ಲಬೇಕಿತ್ತು. ಫೋಟೋಗೆ ಇರುವ ಒಂದೇ ಮರ್ಯಾದೆ ಅಂದರೆ ಒಬ್ಬ ಮನುಷ್ಯ ಆ ಜಾಗದಲ್ಲಿ ನಿಂತಿದ್ದ ಎಂಬುದು.

ಕಡಲತಡಿ:
ಪಿರಮಿಡ್ ಬೇರೆ, ನೀರಿನ ಟ್ಯಾಂಕ್ ಬೇರೆ ಮಾರಾಯ್ರೆ.

ಹೊಸಪೇಟೆ:
ಬೇರೆ ಅಂತ ಇವತ್ತು ಅನಿಸುತ್ತದೆ. ಹಂಪಿಯ ಉದಾಹರಣೆ ಕೊಡುತ್ತೇನೆ, ಓದಿ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಕಂಪನಿ ಸೈನ್ಯದ ಅಧಿಕಾರಿ ಹಂಪಿಯಲ್ಲಿ ಫೋಟೋ ತೆಗೆದ. ಫಿಲ್ಮ್ ಇಲ್ಲದ ಕಾಲ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಅದರಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥವೂ ಇದೆ. ಈಗ ಐವತ್ತು ರೂಪಾಯಿ ನೋಟಿನ ಹಿಂದೆ ಇರುವ ಅದೇ ರಥ. ನೋಟಿನಲ್ಲಿ ನೋಡಿ, ತಲೆ ಚಪ್ಪಟೆ. ಗ್ರೀನ್ಲಾ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ! ಆಮೇಲೆ ಅದು ಹೋಯಿತು. ಇವತ್ತು ರಥದ ಮುಂದೆ ಸೆಲ್ಫಿ ತೆಗೆಯುವ ಎಷ್ಟೋ ಜನರಿಗೆ ಅಲ್ಲೊಂದು ಶಿಖರ ಇತ್ತು ಅಂತಲೇ ಗೊತ್ತಿಲ್ಲ.

ಈಗ ಯೋಚಿಸಿ. ಕಲ್ಲಿನ ಕೆತ್ತನೆ ಮೇಲೆ ಇಟ್ಟಿಗೆ ಹೊಂದುವುದಿಲ್ಲ ಅಂತ ಅವನು ಕ್ಯಾಮೆರಾ ಸ್ವಲ್ಪ ಕೆಳಗಿಳಿಸಿದ್ದರೆ? ನಮಗೆ ಚಂದದ ರಥದ ಫೋಟೋ ಸಿಗುತ್ತಿತ್ತು. ಶಿಖರ ಹೇಗಿತ್ತು ಅಂತ ನೋಡಲು ಇಂಥ ಪುರಾವೆ ಸಿಗುತ್ತಿರಲಿಲ್ಲ. ಯಾವುದು ಬೇಕಾಗುತ್ತೆ, ಯಾವುದು ಕಸ ಅಂತ ತೆಗೆಯುವ ಹೊತ್ತಿಗೆ ಗೊತ್ತಾಗುವುದಿಲ್ಲ. ನಿಮ್ಮ ಟ್ಯಾಂಕ್, ಕಂಬ ಎರಡೂ ಹಾಗೇ.

ಮೂರನೇ ಬೆಂಚು:
ಒಳ್ಳೆ ಉದಾಹರಣೆ. ಆದರೆ ಗ್ರೀನ್ಲಾ ಹಂಪಿಯೂ ಪೂರ್ತಿ ಸತ್ಯ ಅಲ್ಲ. ಆ ಕಾಗದದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಬೇಕು. ನಡೆದು ಹೋದವರು, ದನ, ಗಾಡಿ ಯಾವುದೂ ಅಚ್ಚಾಗುವುದಿಲ್ಲ. ಫೋಟೋಗ್ರಫಿ ಶುರುಮಾಡಿದವರಲ್ಲಿ ಒಬ್ಬನಾದ ಡಾಗೇರ್ ಪ್ಯಾರಿಸ್‌ನಲ್ಲಿ 1838ರಲ್ಲಿ ತೆಗೆದ ಬೀದಿ ಫೋಟೋ ಇದೆ. ಗಿಜಿಗುಡುವ ರಸ್ತೆ, ಚಿತ್ರದಲ್ಲಿ ಬಿಕೋ ಅನ್ನುತ್ತದೆ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೇ ಕಡೆ ನಿಂತ ಒಬ್ಬ ಗಿರಾಕಿ, ಬೂಟು ಒರೆಸುವವನು, ಇವರು ಮಾತ್ರ ಉಳಿದಿದ್ದಾರೆ. ನಿಂತವರು ಬಿದ್ದರು, ನಡೆದವರು ಮಾಯ. ಯಾರ ಕೈವಾಡವೂ ಇಲ್ಲ.

ಹೊಸಪೇಟೆ:
ನಿಜ. ಮತ್ತು ಅದರ ಪರಿಣಾಮ ಸಣ್ಣದಲ್ಲ. ಹಂಪಿ ಅಂದರೆ ಜನ ಇಲ್ಲದ ಹಾಳೂರು ಎಂಬ ಚಿತ್ರ ಎಲ್ಲರ ತಲೆಯಲ್ಲಿ ಕೂತಿದೆ. ವಿರೂಪಾಕ್ಷನಿಗೆ ಒಂದು ದಿನವೂ ಪೂಜೆ ತಪ್ಪಿಲ್ಲ ಅಂತಾರೆ ನಮ್ಮ ಕಡೆಯ ಹಿರಿಯರು. ಅಲ್ಲಿನ ಬಜಾರಿನ ಮಂಟಪಗಳಲ್ಲಿ ಜನ ಮನೆ, ಅಂಗಡಿ, ಹೋಟೆಲ್ ಮಾಡಿಕೊಂಡಿದ್ದರು. 2011ರಲ್ಲಿ ಅವರನ್ನು ಎಬ್ಬಿಸಿದರು. ಅದು ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ. ಆದರೆ ಈಗ ಅಲ್ಲಿ ತೆಗೆದ ಫೋಟೋಗಳಲ್ಲಿ ಖಾಲಿ ಕಂಬಸಾಲು ಮಾತ್ರ ಇದೆ. "ನೂರಾರು ವರ್ಷಗಳಿಂದ ಹೀಗೇ ಮೌನವಾಗಿದೆ" ಅಂತ ಅಡಿಬರಹ ಹಾಕುತ್ತಾರೆ. ಆ ಅಡಿಬರಹ ಸುಳ್ಳು. ಫೋಟೋ ತಿದ್ದದೇ ಇದ್ದರೂ ಸುಳ್ಳು.

ಕಾಫಿತೋಟ:
ಇದೇ ನಾನು ಹೇಳುತ್ತಿರುವುದು! ತಪ್ಪು ಇರುವುದು ಫೋಟೋದ ಜೊತೆ ಏನು ಹೇಳುತ್ತೇವೆ ಎಂಬುದರಲ್ಲಿ. ಅಳಿಸುವ ಟೂಲಿನಲ್ಲಿ ಅಲ್ಲ.

ಇತಿಹಾಸಪ್ರಿಯೆ:
ಅಳಿಸುವುದಕ್ಕಿಂತ ಹಳೆಯದು ಜೋಡಿಸಿ ತೆಗೆಯುವುದು. ಸಿಪಾಯಿ ದಂಗೆಯಲ್ಲಿ ಲಖನೌನ ಸಿಕಂದರ್ ಬಾಗ್‌ನಲ್ಲಿ ಹೋರಾಟ ನಡೆದದ್ದು 1857ರ ನವೆಂಬರಿನಲ್ಲಿ. ಫೋಟೋಗ್ರಾಫರ್ ಫೆಲಿಚೆ ಬೆಯಾಟೋ ಅಲ್ಲಿಗೆ ಬಂದದ್ದು 1858ರಲ್ಲಿ, ತಿಂಗಳುಗಳಾದ ಮೇಲೆ. ಅವನ ಪ್ರಸಿದ್ಧ ಫೋಟೋದಲ್ಲಿ ಒಡೆದ ಕಟ್ಟಡದ ಮುಂದೆ ಮೂಳೆ, ತಲೆಬುರುಡೆ ಚೆಲ್ಲಿವೆ, ಹಿಂದೆ ನಾಲ್ಕಾರು ಮಂದಿ ಇದ್ದಾರೆ. ಆಗ ತಾನೇ ಯುದ್ಧ ಮುಗಿದಂತೆ ಕಾಣುತ್ತದೆ. ಚಿತ್ರಕ್ಕಾಗಿಯೇ ಮೂಳೆಗಳನ್ನು ಹೊರತೆಗೆದು ಹರಡಿದರು ಎಂಬುದು ಆ ಕಾಲದ ಬರಹ ಓದಿದ ಇತಿಹಾಸಕಾರರ ಅಭಿಪ್ರಾಯ. ಸತ್ತವರು ನಮ್ಮವರು. ಅವರ ಮೂಳೆ ಇಂಗ್ಲೆಂಡಿನವರ ಗೆಲುವು ತೋರಿಸಲು ಅಲಂಕಾರ ಆಯಿತು. ಈ ಫೋಟೋ ನೋಡಿದಾಗಲೆಲ್ಲ ನನಗೆ ಹೊಟ್ಟೆ ತೊಳೆಸುತ್ತದೆ.

ಆದರೆ ವಿಚಿತ್ರ ನೋಡಿ. ಅದೇ ಫೋಟೋ ಇಲ್ಲದಿದ್ದರೆ ಸಿಕಂದರ್ ಬಾಗ್‌ನ ಗೋಡೆಗಳು ಆಗ ಹೇಗಿದ್ದವು ಅಂತ ನಮಗೆ ಇಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ. ಒಂದೇ ಕಾಗದದಲ್ಲಿ ಗೋಡೆ ನಿಜ, ನೆಲ ನಾಟಕ.

ಸಾಗರದವ:
ನಮ್ಮ ಜೋಗದ ಗೋಳು ಕೇಳುವವರು ಯಾರು. ಬಸ್ ಸ್ಟ್ಯಾಂಡಿನಿಂದ ಕ್ಯಾಲೆಂಡರ್ ತನಕ ಎಲ್ಲ ಕಡೆ ಭೋರ್ಗರೆಯುವ ಜೋಗ. ಪ್ರವಾಸಿಗರು ಏಪ್ರಿಲ್ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಬಂಡೆ ಮೇಲೆ ಎರಡು ಎಳೆ ನೀರು. "ಮೋಸ" ಅಂತ ನಮ್ಮ ಮೇಲೆ ಕೂಗಾಡುತ್ತಾರೆ. 1964ರಲ್ಲಿ ಮೇಲೆ ಲಿಂಗನಮಕ್ಕಿ ಡ್ಯಾಂ ಆದಮೇಲೆ ಶರಾವತಿ ನೀರು ಮೊದಲು ಕರೆಂಟಿಗೆ, ಆಮೇಲೆ ನೋಟಕ್ಕೆ. ಕ್ಯಾಲೆಂಡರಿನ ಫೋಟೋ ಸುಳ್ಳಲ್ಲ, ಒಳ್ಳೆ ಮಳೆಗಾಲದಲ್ಲಿ ಹಾಗೇ ಇರುತ್ತದೆ. ತಿಂಗಳು ಬರೆಯುವುದಿಲ್ಲ, ಅದೇ ತೊಂದರೆ. ಮಳೆಗಾಲದಲ್ಲೂ ಮಂಜು ಕವಿದರೆ 253 ಮೀಟರ್ ಜಲಪಾತ ಪೂರ್ತಿ ಕಾಣೆ, ಸದ್ದು ಮಾತ್ರ.

ಮತ್ತೆ ಆ ಹಾಲಿನಂಥ ನೀರು! ಶಟರ್ ಅರ್ಧ ಸೆಕೆಂಡು ತೆರೆದಿಟ್ಟರೆ ನೀರು ರೇಷ್ಮೆ ಆಗುತ್ತದೆ. ಜೋಗದ ಒಂದು ಧಾರೆಗೆ ರೋರರ್ ಅಂತ ಹೆಸರಿಟ್ಟದ್ದೇ ಅದು ಅಬ್ಬರಿಸುತ್ತೆ ಅಂತ. ಅದನ್ನು ಮೆತ್ತಗೆ ಮಾಡಿ ತೋರಿಸುತ್ತಾರೆ.

ಕತ್ತಲೆಕೋಣೆ:
ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ತೆಗೆದರೆ ಹನಿಗಳು ಗಾಳಿಯಲ್ಲಿ ನಿಂತುಬಿಡುತ್ತವೆ. ಅದೂ ಕಣ್ಣಿಗೆ ಕಾಣುವಂಥದ್ದಲ್ಲ. ಯಾವ ಶಟರ್ ನಿಮ್ಮ ಪ್ರಕಾರ ನಿಜವಾದ ಜೋಗ?

ಸಾಗರದವ:
ಸೈಟಿಗೆ ಬಂದು ಮೈ ಒದ್ದೆ ಮಾಡಿಕೊಂಡರೆ ಅದು ನಿಜವಾದ ಜೋಗ ಸರ್. ಆಗಸ್ಟಿನಲ್ಲಿ ಬನ್ನಿ.

ಬಿಟ್‌ಬೈಟ್:
ನೀವೆಲ್ಲ ತಿದ್ದುವ ಮೊದಲು, ತಿದ್ದಿದ ಮೇಲೆ ಅಂತ ಮಾತಾಡುತ್ತಿದ್ದೀರಿ. ಫೋನಿನಲ್ಲಿ "ಮೊದಲು" ಅನ್ನುವುದು ಎಲ್ಲಿದೆ? ಬಟನ್ ಒತ್ತಿದಾಗ ಫೋನು ಹಲವು ಫ್ರೇಮ್ ತೆಗೆದು ಒಂದರ ಮೇಲೊಂದು ಕೂರಿಸುತ್ತದೆ. ನೆರಳು ಒಂದರಿಂದ, ಆಕಾಶ ಇನ್ನೊಂದರಿಂದ. ಮುಖ ಕಂಡರೆ ನುಣ್ಣಗೆ ಮಾಡುತ್ತದೆ, ಹುಲ್ಲು ಕಂಡರೆ ಹಸಿರು ಏರಿಸುತ್ತದೆ. 2023ರಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕಂತಲೇ ಮಸುಕು ಮಾಡಿ ಕಂಪ್ಯೂಟರ್ ಪರದೆಯಲ್ಲಿ ಇಟ್ಟು, ದೀಪ ಆರಿಸಿ, ದೂರದಿಂದ ಸ್ಯಾಮ್ಸಂಗ್ ಫೋನಿನಲ್ಲಿ ತೆಗೆದರು. ಪರದೆಯ ಮೇಲೆ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದವು. ಚಂದ್ರ ಅಂತ ಗುರುತಿಸಿ ವಿವರ ಹೆಚ್ಚಿಸುತ್ತೇವೆ ಅಂತ ಕಂಪನಿಯೂ ವಿವರಿಸಿತು.

ಆದ್ದರಿಂದ ರಥಬೀದಿಯವರೇ, ನಿಮ್ಮ ಹುಡುಗ ಫೋನಿನಲ್ಲಿ ತೆಗೆದಿದ್ದರೆ "ಮೂಲ" ಕೂಡ ಒಂದು ತಿದ್ದುಪಡಿಯೇ.

ಮೂರನೇ ಬೆಂಚು:
ಆ ವಾದ ಕೇಳಿ ಕೇಳಿ ಸಾಕಾಗಿದೆ. ಎಲ್ಲವೂ ಸ್ವಲ್ಪ ಸುಳ್ಳು, ಹಾಗಾಗಿ ಪೂರ್ತಿ ಸುಳ್ಳು ಹೇಳಬಹುದು ಅಂತ ಆಗುತ್ತಾ? ಹಸಿರು ಜಾಸ್ತಿ ಆದರೆ ಹುಲ್ಲು ಇನ್ನೂ ಹುಲ್ಲೇ. ಕಂಬ ಹೋದರೆ ಕಂಬ ಹೋಯಿತು.

ಹಲ್ಲುಡಾಕ್ಟರ್:
ಸೆಲ್ಫಿಯ ಬಗ್ಗೆ ಒಂದು ಮಾತು, ವಿಷಯಾಂತರ ಆದರೆ ಕ್ಷಮಿಸಿ. "ಮೂಗು ದಪ್ಪ" ಅಂತ ಫೋನು ತೋರಿಸುವ ಹುಡುಗ ಹುಡುಗಿಯರು ನನ್ನ ಹತ್ತಿರವೂ ಬರುತ್ತಾರೆ. ಫೋನು ಮುಖದಿಂದ ಒಂದಡಿ ದೂರ ಇದ್ದರೆ ಮೂಗು ಕೆನ್ನೆಗಿಂತ ಲೆನ್ಸಿಗೆ ಹತ್ತಿರ, ದೊಡ್ಡದಾಗಿ ಬೀಳುತ್ತದೆ. ಐದಡಿ ದೂರದ ಫೋಟೋಕ್ಕೆ ಹೋಲಿಸಿದರೆ ಸುಮಾರು 30 ಶೇಕಡ ಅಗಲ ಕಾಣುತ್ತೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಯಾವ ಫಿಲ್ಟರೂ ಇಲ್ಲದೆ ಇಷ್ಟು. ನಿಮ್ಮ ಮೂಗು ಸರಿ ಇದೆ, ಕೈ ಗಿಡ್ಡ ಅಷ್ಟೇ ಅಂತ ಹೇಳಿ ಕಳಿಸುತ್ತೇನೆ.

ಮೈಸೂರ್ ಮಲ್ಲಿಗೆ:
ಮುಖದ ಮಾತು ಬಂತಲ್ಲ, ನಾನು ಹೇಳಲೇಬೇಕು. ನನ್ನ ತಂಗಿಗೆ ಗಂಡು ನೋಡುವಾಗ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆವು. ಕೈಗೆ ಬಂದಾಗ ಅವಳು ಬಿಳಿ ಸುಣ್ಣದ ಬಣ್ಣ. ಯಾರೂ ಕೇಳಿರಲಿಲ್ಲ. "ಎಲ್ಲರಿಗೂ ಹೀಗೇ ಮಾಡ್ತೀವಿ ಮೇಡಂ" ಅಂದರು. ಅವಳು ಆ ಫೋಟೋ ಹಿಡಿದು ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ನಾನಿರೋ ಹಾಗೆ ಚೆನ್ನಾಗಿಲ್ವಾ?" ಗಂಡಿನ ಮನೆಯವರು ಬಂದು ಫೋಟೋ ನೋಡಿ, ಅವಳನ್ನು ನೋಡಿ, ಮತ್ತೆ ಫೋಟೋ ನೋಡಿದರು. ಆ ಅವಮಾನ ನಮಗೆ ಮರೆಯುವುದಿಲ್ಲ.

ಕ್ಲೀನ್ ಮಾಡುವುದು ಅಂತ ಹಗುರವಾಗಿ ಹೇಳುವವರು ಯೋಚಿಸಬೇಕು. ಯಾವುದು ಕೊಳೆ ಅಂತ ತೀರ್ಮಾನ ಮಾಡುವವರು ಯಾರು?

ಕಡಲತಡಿ:
ಇದು ಕೇಳಿ ಬೇಜಾರಾಯಿತು ಅಕ್ಕ. ಫೋಟೋ ತಿದ್ದುವುದು ಬೇರೆ, ಮನುಷ್ಯರನ್ನು ತಿದ್ದುವುದು ಬೇರೆ. ಇದು ಮಾಡಬಾರದಿತ್ತು.

ಪುಟಕಟ್ಟುವವ:
ನಾನು ಡಿಟಿಪಿ ಕೆಲಸದವನು. ಒಂದು ಮಾತು ನಮ್ಮ ಕಡೆಯಿಂದ. ಯಾವ ಸಂಚಿಕೆ ಬಂದರೂ ಮೊದಲ ಮಾತು "ವೈರ್ ತೆಗೀರಿ, ಆಕಾಶ ನೀಲಿ ಮಾಡಿ". ಹೇಳದಿದ್ದರೂ ಮಾಡುತ್ತೇವೆ, ಯಾಕಂದರೆ ಮಾಡದಿದ್ದರೆ ಕೆಲಸ ಬರದವನು ಅಂತಾರೆ. ಮೊದಲು ತಂತಿ ತೆಗೆಯಲು ಅರ್ಧ ದಿನ ಬೇಕಿತ್ತು. ಹಾಗಾಗಿ ಬೇಕಾ ಅಂತ ಕೇಳುತ್ತಿದ್ದೆವು. ಈಗ ಬೆರಳಲ್ಲಿ ಸುತ್ತಿದರೆ ಹೋಗುತ್ತದೆ. ಕೇಳುವ ಅಭ್ಯಾಸವೂ ಹೋಯಿತು.

ಲೈನ್‌ಮನ್ ಮಗಳು:
ರಥಬೀದಿಯವರೇ, ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಬಲಗಡೆ ಹೆಂಚಿನ ಮನೆಯ ಪಕ್ಕದ ತಾರಸಿ ಮೇಲೆ ಇಬ್ಬರು ಕೈ ಮೇಲೆತ್ತಿ ನಿಂತಿದ್ದಾರಲ್ಲ. ಅವರು ಏನು ಮಾಡುತ್ತಿದ್ದಾರೆ?

ರಥಬೀದಿ:
ದೇವರಿಗೆ ಕೈ ಮುಗಿಯುತ್ತಿದ್ದಾರೆ ಅನ್ಸುತ್ತೆ. ಒಳಪುಟದ ಅಡಿಬರಹದಲ್ಲಿ "ಭಕ್ತಿಯಿಂದ ಕೈ ಎತ್ತಿ ನಮಿಸುತ್ತಿರುವ ಭಕ್ತರು" ಅಂತ ಬರೆದಿದ್ದಾರೆ. ಯಾಕೆ?

ಲೈನ್‌ಮನ್ ಮಗಳು:
ಕೈ ಮುಗಿದಿಲ್ಲ. ಅಂಗೈ ಸೇರಿಲ್ಲ. ಒಂದು ಮುಷ್ಟಿ ಮೇಲೆ, ಒಂದು ಮುಷ್ಟಿ ಕೆಳಗೆ. ಹಿಂದಿನವನ ಕಾಲು ಅಗಲಿಸಿದೆ, ಸೊಂಟ ಹಿಂದಕ್ಕೆ ವಾಲಿದೆ. ಭಾರ ಹಿಡಿದಿದ್ದಾನೆ. ಇಬ್ಬರೂ ತೇರಿನ ದೇವರ ಕಡೆ ನೋಡುತ್ತಿಲ್ಲ, ಕಲಶದ ತುದಿ ನೋಡುತ್ತಿದ್ದಾರೆ. ಬಿದಿರಿನ ಗಳದಿಂದ ತಂತಿ ಎತ್ತುತ್ತಿದ್ದಾರೆ ಅಂತ ನನ್ನ ಅನುಮಾನ. ಗಳ ಮತ್ತು ತಂತಿ ಎರಡೂ ಅಳಿಸಿ ಹೋಗಿವೆ.

ನಮ್ಮ ಅಪ್ಪ ಲೈನ್‌ಮನ್ ಆಗಿದ್ದರು. ತೇರಿನ ದಿನ ಮನೆಯಲ್ಲಿ ಅವರಿಗೆ ಊಟವೇ ಇಲ್ಲ. ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಅನುಮತಿ ತೆಗೆದುಕೊಂಡು ಲೈನ್ ಆಫ್ ಮಾಡಿಸಿ, ಬೀದಿಗೆ ಅಡ್ಡ ಇರುವ ದೊಡ್ಡ ತಂತಿ ಬಿಚ್ಚಿ ಕೆಳಗಿಳಿಸುವರು. ಮನೆಗಳಿಗೆ ಹೋಗುವ ಸರ್ವಿಸ್ ವೈರು, ಕೇಬಲ್ ಟಿವಿ ವೈರು ಎಲ್ಲ ಬಿಚ್ಚಲು ಆಗುವುದಿಲ್ಲ. ಅದನ್ನು ಮಾಳಿಗೆ ಮೇಲಿಂದ ಗಳದಲ್ಲಿ ಎತ್ತಿ ಹಿಡಿಯುತ್ತಾರೆ. ತೇರು ದಾಟಿದ ಮೇಲೆ ಮತ್ತೆ ಕಟ್ಟಿ, ರಾತ್ರಿ ಲೈನ್ ಕೊಟ್ಟು ಬರುತ್ತಿದ್ದರು. ಯಾವ ವರ್ಷದ ಫೋಟೋದಲ್ಲೂ ಅಪ್ಪ ಇಲ್ಲ.

ರಥಬೀದಿ:
ಹುಡುಗ ಮೂಲ ಫೋಟೋ ಕಳಿಸಿದ. ಕೆಳಗೆ ಹಾಕಿದ್ದೇನೆ.

ಮೇಡಂ ಹೇಳಿದ್ದು ಅಕ್ಷರಶಃ ಸರಿ. ತುದಿಯಲ್ಲಿ ಕವಲು ಇರುವ ಉದ್ದದ ಬಿದಿರು. ಕವಲಿನಲ್ಲಿ ಎರಡು ಕಪ್ಪು ವೈರು ಸಿಕ್ಕಿಸಿದ್ದಾರೆ. ಕಲಶಕ್ಕೂ ವೈರಿಗೂ ನಡುವೆ ಗೇಣು ಜಾಗ ಇರಬಹುದು. ಮುಂದಿನವನು ಬಾಯಿ ತೆರೆದು ಏನೋ ಕೂಗುತ್ತಿದ್ದಾನೆ. ಕೆಳಗೆ ಹಗ್ಗ ಹಿಡಿದವರಲ್ಲಿ ಕೆಲವರು ತಲೆ ಎತ್ತಿ ಅವನ ಕಡೆ ನೋಡುತ್ತಿದ್ದಾರೆ. ಎಡಗಡೆ ಕಂಬದ ಮೇಲೆ ಏಣಿ ಹಾಕಿ ಒಬ್ಬರು ಸೊಂಟಕ್ಕೆ ಬೆಲ್ಟ್ ಕಟ್ಟಿ ಕೂತಿದ್ದಾರೆ, ಕಂಬದ ಜೊತೆ ಅವರೂ ಹೋಗಿದ್ದರು. ನಮ್ಮ ಸಮಿತಿಯಲ್ಲಿ ಯಾರೂ ಇದನ್ನು ಗಮನಿಸಿರಲಿಲ್ಲ.

ಹೊಸಪೇಟೆ:
ಇದು ಎಷ್ಟು ಜೀವಂತ ಫೋಟೋ! ತಿದ್ದಿದ್ದಕ್ಕಿಂತ ನೂರು ಪಾಲು ಮೇಲು. ಇಡೀ ಊರು ತೇರು ಎಳೆಯುವುದು ಅಂದರೆ ಇದೇ ಅಲ್ವಾ.

ಕತ್ತಲೆಕೋಣೆ:
ಫೋಟೋ ತೆಗೆದ ಹುಡುಗನಿಗೆ ನನ್ನ ಅಭಿನಂದನೆ ತಿಳಿಸಿ. ಸರಿಯಾದ ಕ್ಷಣ ಹಿಡಿದಿದ್ದಾನೆ. ಅವನನ್ನು ಒಂದು ಮಾತು ಕೇಳದೆ ತಿದ್ದಿದ್ದು ತಪ್ಪು.

ಕಾಫಿತೋಟ:
ಒಪ್ಪಿದೆ, ಈ ಫೋಟೋ ವಿಷಯದಲ್ಲಿ. ಆದರೆ ಇದು ಅದೃಷ್ಟ. ಎಲ್ಲ ತಂತಿಯ ಕೆಳಗೂ ಗಳ ಹಿಡಿದವನು ಇರುವುದಿಲ್ಲ. ಸುಮ್ನೆ ನೇತಾಡುವ ವೈರನ್ನೂ ಕಾಪಾಡಬೇಕು ಅಂದರೆ ಹೇಗೆ?

ಮೂರನೇ ಬೆಂಚು:
ಗಳ ಹಿಡಿದವನು ಇದ್ದಾನೆ ಅಂತ ಅಳಿಸಿದವರಿಗೆ ಗೊತ್ತಾಗಲಿಲ್ಲ, ಸಮಿತಿಗೂ ಗೊತ್ತಾಗಲಿಲ್ಲ. ಇನ್ಯಾವ ಫೋಟೋದಲ್ಲಿ ಏನು ಹೋಗಿದೆ ಅಂತ ನಿಮಗೆ ಹೇಗೆ ಗೊತ್ತು?

ಮಸ್ಕತ್ ಕನ್ನಡಿಗ:
ನೇತಾಡುವ ವೈರಿಗೂ ಕೆಲಸ ಇದೆ. ನಮ್ಮ ಮನೆಯ ಹಳೇ ಫೋಟೋಗಳ ಹಿಂದೆ ಇಸವಿ ಬರೆದಿಲ್ಲ. ನಾವು ಅಣ್ಣ ತಮ್ಮಂದಿರು ಕೂತು ಅದರೊಳಗಿನ ಕಸ ನೋಡಿಯೇ ಕಾಲ ಹಿಡಿದೆವು. ಬೀದಿಯಲ್ಲಿ ಕಂಬ ಇಲ್ಲ ಅಂದರೆ ಕರೆಂಟ್ ಬರುವ ಮೊದಲು. ಹೆಂಚಿನ ಮೇಲೆ ಮೀನಿನ ಮುಳ್ಳಿನಂಥ ಟಿವಿ ಆಂಟೆನಾ ಇದ್ದರೆ ದೂರದರ್ಶನದ ಕಾಲ. ಗೋಡೆಯ ಮೇಲೆ ಚುನಾವಣೆ ಬರಹ ಇದ್ದರೆ ಇನ್ನೂ ಸುಲಭ. ಸ್ಟುಡಿಯೋದಲ್ಲಿ ಬಣ್ಣದ ಪರದೆ ಮುಂದೆ ತೆಗೆಸಿದ ಚಂದದ ಫೋಟೋಗಳು ಮಾತ್ರ ಯಾವ ಕಾಲದವು ಅಂತ ಇನ್ನೂ ಗೊತ್ತಾಗಿಲ್ಲ.

ರಥಬೀದಿ:
ಸಮಿತಿಯ ಹಿರಿಯರಿಗೆ ಎರಡೂ ತೋರಿಸಿದೆ. ಗಳ ಹಿಡಿದವರನ್ನು ನೋಡಿ ಅವರಿಗೆ ಖುಷಿಯಾಯಿತು, ಒಬ್ಬನು ಅವರ ಪರಿಚಯದ ಹುಡುಗನೇ. ಆದರೆ ಮುಖಪುಟದಲ್ಲಿ ಆ ಫ್ಲೆಕ್ಸ್ ಬೇಡವೇ ಬೇಡ ಅಂತಾರೆ. ರಾಜಕೀಯದವರ ಮುಖ ದೇವರ ತೇರಿನ ಪಕ್ಕ ಬಂದರೆ ಇನ್ನೊಂದು ಪಕ್ಷದವರು ಗಲಾಟೆ ಮಾಡುತ್ತಾರೆ. ಅವರ ಮಾತೂ ತಳ್ಳಿಹಾಕುವಂಥದ್ದಲ್ಲ.

ಕತ್ತಲೆಕೋಣೆ:
ಫ್ಲೆಕ್ಸ್ ಚೌಕಟ್ಟಿನ ಬದಿಯಲ್ಲಿದೆ. ಅಳಿಸಬೇಡಿ, ಅಲ್ಲಿಗೆ ಕತ್ತರಿಸಿ. ಕಂಬದ ಮೇಲಿನವರು ಉಳಿಯುತ್ತಾರೆ. ಕತ್ತರಿಸುವುದಕ್ಕೂ ಅಳಿಸುವುದಕ್ಕೂ ಇರುವ ವ್ಯತ್ಯಾಸ ಈಗ ಉಪಯೋಗಕ್ಕೆ ಬಂತು.

ಕಾಫಿತೋಟ:
ಊರಿನ ಬೀದಿಯಲ್ಲಿ ಫ್ಲೆಕ್ಸ್ ಇರಲಿಲ್ಲ ಅಂತ ಮುಂದಿನವರು ನಂಬುತ್ತಾರೆ. ಕತ್ತರಿಸಿದರೂ ಅಷ್ಟೇ, ಅಳಿಸಿದರೂ ಅಷ್ಟೇ. ನಾನು ಮೊದಲಿಂದ ಹೇಳಿದ್ದು ಅದನ್ನೇ, ಈಗಲೂ ಅದೇ ಹೇಳುತ್ತೇನೆ.

ಇತಿಹಾಸಪ್ರಿಯೆ:
ಹಾಗಾದರೆ ಮುಖಪುಟಕ್ಕೆ ಕತ್ತರಿಸಿದ್ದು, ಒಳಗೆ ಒಂದು ಪೂರ್ತಿ ಪುಟಕ್ಕೆ ಫ್ಲೆಕ್ಸ್ ಸಮೇತ ಪೂರಾ ಫೋಟೋ ಹಾಕಿ. ತಾರೀಕು, ಎಲ್ಲಿಂದ ತೆಗೆದದ್ದು, ಯಾರು ತೆಗೆದದ್ದು ಅಂತ ಬರೆಯಿರಿ. ಬಿದಿರು ಹಿಡಿದವರ ಮತ್ತು ಕಂಬದ ಮೇಲಿದ್ದವರ ಹೆಸರನ್ನು ಅವರನ್ನೇ ಕೇಳಿ, ಒಪ್ಪಿದರೆ ಹಾಕಿ.

ಬಿಟ್‌ಬೈಟ್:
ಮತ್ತೆ ಮೂಲ ಫೈಲನ್ನು ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ. ಗಾತ್ರ ಇಳಿಸುತ್ತದೆ, ಒಳಗಿನ ದಿನಾಂಕ, ಕ್ಯಾಮೆರಾ ವಿವರವೂ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ದೇವಸ್ಥಾನದ ಕಂಪ್ಯೂಟರಿನಲ್ಲಿ ಒಂದು, ಇನ್ನೊಬ್ಬರ ಮನೆಯಲ್ಲಿ ಒಂದು ಪ್ರತಿ ಇರಲಿ. ಹುಡುಗ ಫೋನ್ ಬದಲಿಸಿದರೆ ಎಲ್ಲ ಮುಗೀತು.

ರಥಬೀದಿ:
ಭಾನುವಾರ ಸಭೆ ಇದೆ. ಇತಿಹಾಸಪ್ರಿಯೆ ಅವರು ಹೇಳಿದ ಹಾಗೆ ಪ್ರಸ್ತಾಪ ಇಡುತ್ತೇನೆ. ಅಡಿಬರಹಕ್ಕೆ ಇಷ್ಟು ಬರೆದಿದ್ದೇನೆ: "ತೇರು ದಾಟಲು ಬಿದಿರಿನ ಗಳದಿಂದ ತಂತಿ ಎತ್ತಿ ಹಿಡಿದ ನಮ್ಮೂರ ಯುವಕರು." ಸಾಕಾ?

ಲೈನ್‌ಮನ್ ಮಗಳು:
ಸಾಲ್ದು. ಲೈನ್ ಆಫ್ ಮಾಡಿಸಿದ್ದೆವು ಅಂತ ಅದರಲ್ಲೇ ಸೇರಿಸಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ ಅಂತಲೂ ಬರೆಯಿರಿ. ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಅಂತ ಯಾವ ಫೋಟೋದಲ್ಲೂ ಕಾಣುವುದಿಲ್ಲ. ತೇರು ತಂತಿಗೆ ತಾಗಿ ಜನ ಸತ್ತ ಸುದ್ದಿ ನಾವೆಲ್ಲ ಓದಿದ್ದೇವೆ. ಈ ಫೋಟೋ ನೋಡಿ ಇನ್ಯಾವುದೋ ಊರಿನ ಹುಡುಗರು ಲೈನ್ ಇರುವಾಗಲೇ ಹಸಿ ಬಿದಿರು ಹಿಡಿದು ಮಾಳಿಗೆ ಹತ್ತಬಾರದು.